ಕೆಂಪು ಕಲ್ಲಿನ ಮನೆಯವರೇ, ಪ್ರೆಶರ್ ಮೆಶಿನಿನವರನ್ನು ಅಂಗಳಕ್ಕೆ ಸೇರಿಸಬೇಡಿ

ಬರೆಯಲಿಕ್ಕೆ ನಾಚಿಕೆ ಆಗ್ತದೆ. ಆದರೂ ಬರೀತೇನೆ. ಸಾರಣೆ ಮಾಡದೆ ಕಲ್ಲನ್ನು ಹಾಗೇ ಕಾಣುವ ಹಾಗೆ ಬಿಟ್ಟ ಮನೆ ಯಾರದ್ದಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮದು ಪುತ್ತೂರಿನ ಹತ್ತಿರ. ಎದುರಿನ ಗೋಡೆ, ಕಂಬ, ಜಗಲಿಯ ಅರೆಗೋಡೆ ಎಲ್ಲ ಕೆಂಪು ಕಲ್ಲು, ಸಂದಿಗೆ ಸಿಮೆಂಟ್ ಪಾಯಿಂಟಿಂಗ್, ಮೇಲೆ ಹಂಚು. ಮಳೆಗಾಲ ಮುಗಿಯುವಾಗ ನಮ್ಮ ಕಡೆಯ ಗೋಡೆಗಳ ಅವಸ್ಥೆ ನಿಮಗೆ ಗೊತ್ತೇ ಉಂಟು. ಮೊದಲು ಹಸಿರು ಪಾಚಿ, ಆಮೇಲೆ ಒಣಗಿ ಕಪ್ಪು. ಕಳೆದ ವರ್ಷ ಡಿಸೆಂಬರಿನಲ್ಲಿ ಮಗಳ ನಿಶ್ಚಿತಾರ್ಥ. ಬರುವವರ ಕಣ್ಣಿಗೆ ಮೊದಲು ಬೀಳುವುದೇ ಆ ಕಪ್ಪು ಗೋಡೆ ಅಂತ ನನಗೆ ತಲೆಬಿಸಿ.

ಮೆಶಿನಿನಲ್ಲಿ ಜೋರಾಗಿ ನೀರು ಹೊಡೆದು ಗೋಡೆ ತೊಳೆಯುವವರದ್ದು ಅಂತ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಇಬ್ಬರು ಬಂದರು, ಟೇಪ್ ಹಿಡಿದು ಅಳತೆ ಮಾಡಿದರು. 1,800 ಚದರಡಿ, ಚದರಡಿಗೆ 14 ರೂಪಾಯಿ. 25,200 ಆಗ್ತದೆ, "25,000 ಕೊಡಿ ಅಕ್ಕ, ಇನ್ನೂರು ನಿಮಗೆ ಬಿಟ್ಟೆವು." ಆ ಇನ್ನೂರಕ್ಕೆ ಖುಷಿಪಟ್ಟವಳು ನಾನು! ಮನೆಯವರು ಒಂದೇ ಒಂದು ಮಾತು ಕೇಳಿದ್ದರು, ಬ್ಲೀಚಿಂಗ್ ನೀರು ಹಾಕಿ ಬ್ರಶ್‌ನಲ್ಲಿ ಉಜ್ಜಿದರೆ ಸಾಕಾಗ್ಲಿಕ್ಕಿಲ್ವಾ ಅಂತ. ಅದಕ್ಕೆ ಬಂದವರಲ್ಲಿ ದೊಡ್ಡವ ನಕ್ಕ. "ಅದೆಲ್ಲ ಅಜ್ಜಿಯ ಕಾಲದ್ದು. ನಮ್ಮದು 200 ಬಾರ್ ಮೆಶಿನ್, ಪಾಚಿ ಬೇರು ಸಮೇತ ಹೋಗ್ತದೆ." (ಬಾರ್ ಅಂದರೆ ಒತ್ತಡದ ಅಳತೆ.) ಪಾಚಿಗೆ ಬೇರೇ ಇಲ್ಲ. ಅದು ಆಗ ನೆನಪಾಗಲಿಲ್ಲ. 15,000 ಅಡ್ವಾನ್ಸ್ ಕೊಟ್ಟೆ.

ಕೆಲಸದ ದಿನ ನಾನು ಅಂಗಳದಲ್ಲಿ ನಿಂತು ವೀಡಿಯೊ ಮಾಡ್ತಾ ಇದ್ದೆ. ಪಿಚಕಾರಿ ಹೋದಲ್ಲೆಲ್ಲ ಕಪ್ಪು ಗೋಡೆ ಕೆಂಪಾಗ್ತಾ ಬಂತು, ಹೊಸ ಮನೆಯ ಹಾಗೆ. ಕೆಳಗೆ ಅಂಗಳದಲ್ಲಿ ಕೆಂಪು ನೀರು, ಕುಂಕುಮ ಕಲಸಿದ ಹಾಗೆ, ಚರಂಡಿಯವರೆಗೆ. "ಎಷ್ಟು ಕೊಳೆ ಇತ್ತು ನೋಡಿ ಮಾರಾಯ್ರೆ!" ಅಂತ ನನ್ನದೇ ಸ್ವರ ಉಂಟು ಆ ವೀಡಿಯೊದಲ್ಲಿ. ಸ್ಟೇಟಸ್‌ಗೂ ಹಾಕಿದೆ. ಆಚೆಮನೆಯ ಮಾವ ಬೇಲಿಯ ಹತ್ತಿರ ಬಂದು ಸ್ವಲ್ಪ ಹೊತ್ತು ನೋಡಿ ಕೇಳಿದರು, "ಅಲ್ಲ, ಕೊಳೆ ಕಪ್ಪಲ್ವಾ? ನೀರು ಕೆಂಪು ಎಂತಕ್ಕೆ ಹೋಗುದು?"

ನಾನು ನಕ್ಕುಬಿಟ್ಟೆ. ಅವರಿಗೆ ಎಂಬತ್ತು ದಾಟಿದೆ, ಹಾಗಾಗಿ ನಕ್ಕೆ. ತೊಳೆದು ಹೋಗ್ತಾ ಇದ್ದದ್ದು ನನ್ನ ಗೋಡೆ. ನಾನು ವೀಡಿಯೊ ಮಾಡ್ತಾ ಇದ್ದೆ.

ಮೂರು ದಿನ ಒಣಗಿದ ಮೇಲೆ ಕೈ ಇಟ್ಟು ನೋಡಿದೆ. ಅಂಗೈಗೆ ಕೆಂಪು ಹುಡಿ. ಕಲ್ಲಿನ ಮುಖದಲ್ಲಿ ಜೇನುಗೂಡಿನ ಹಾಗೆ ತೂತು, ಕೆಲವಕ್ಕೆ ಕಿರುಬೆರಳು ಹೋಗ್ತದೆ. ಪಾಯಿಂಟಿಂಗ್ ಅಲ್ಲಲ್ಲಿ ಎದ್ದು ಬಿದ್ದಿತ್ತು. ಹಂಚಿಗೆ ಕೆಳಗಿನಿಂದ ಮೇಲಕ್ಕೆ ನೀರು ಹೊಡೆದದ್ದು ಬೇರೆ. ಹಂಚು ಒಂದರ ಮೇಲೊಂದು ಕೂತಿರುವುದೇ ಮೇಲಿನಿಂದ ಬರುವ ನೀರಿಗೆ, ಕೆಳಗಿನಿಂದ ಹೊಡೆದರೆ ಸಂದಿಯಲ್ಲಿ ಒಳಗೇ ಹೋಗ್ತದೆ. ಅಟ್ಟದಲ್ಲಿಟ್ಟ ಅಡಿಕೆ ಚೀಲ ಎರಡು ಒದ್ದೆ.

ಈ ಕಲ್ಲು ಅಗೆಯುವಾಗ ಮೆತ್ತಗೆ ಇರ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುದು. ಆ ಗಟ್ಟಿಯಾದ ಮೇಲ್ಮೈಯನ್ನೇ ಕಿತ್ತು ತೆಗೆದರೆ ಒಳಗಿನದ್ದು ನೀರು ಕುಡೀತದೆ. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ ಈಸ್ಟ್ ಇಂಡಿಯಾ ಕಂಪೆನಿಯ ಡಾಕ್ಟರ್ ಬುಕಾನನ್ ತನ್ನ 1807ರ ಪುಸ್ತಕದಲ್ಲೇ ಬರೆದಿದ್ದಾನಂತೆ, ಮೆತ್ತಗೆ ಇರುವಾಗ ಕಡಿದು ತೆಗೆದರೆ ಆಮೇಲೆ ಇಟ್ಟಿಗೆ ಹಾಗೆ ಗಟ್ಟಿ ಆಗ್ತದೆ ಅಂತ. ಇನ್ನೂರು ವರ್ಷದ ಹಿಂದಿನ ಸಂಗತಿ ನನಗೆ ದುಡ್ಡು ಕೊಟ್ಟು ಗೊತ್ತಾಯಿತು.

ಫೋನ್ ಮಾಡಿದೆ. ಅವರ ಉತ್ತರಗಳನ್ನು ಹಾಗೇ ಬರೀತೇನೆ.

ಮೊದಲ ಸಲ: "ಕಲ್ಲೇ ಹಾಳು ಅಕ್ಕ, ನಿಮ್ಮ ಮೇಸ್ತ್ರಿ ಒಳ್ಳೆ ಕಲ್ಲು ತರಿಸ್ಲಿಲ್ಲ." ಹದಿನೈದು ವರ್ಷ ಮಳೆಯಲ್ಲಿ ನಿಂತ ಕಲ್ಲು!

ಎರಡನೇ ಸಲ: "ಕ್ಲೀನ್ ಆಗಬೇಕು ಅಂತ ಹೇಳಿದ್ದು ನೀವೇ ಅಲ್ವಾ? ಕ್ಲೀನ್ ಆಗಿದೆ ಅಲ್ವಾ?"

ಮೂರನೇ ಸಲ, ಇದು ಕೇಳಿ: "ಸೀಲರ್ ಹೊಡೆದ್ರೆ ಸರಿಯಾಗ್ತದೆ. ಚದರಡಿಗೆ 22. ನಿಮಗಾದ ಕಾರಣ 20." ಹಾಳು ಮಾಡಿದ್ದಕ್ಕೂ ಕೂಲಿ, ರಿಪೇರಿಗೂ ಕೂಲಿ. ಸೀಲರ್ ಅಂದರೆ ನೀರು ಇಳಿಯದ ಹಾಗೆ ಕಲ್ಲಿನ ಮೇಲೆ ಬಳಿಯುವ ದ್ರವ, ಅವರು ತೋರಿಸಿದ ಸ್ಯಾಂಪಲ್ ಹೊಳೆಯುವ ವಾರ್ನಿಶ್ ಥರದ್ದು. ಒದ್ದೆ ಗೋಡೆಗೆ ಅದನ್ನು ಹೊಡೆದರೆ ಒಳಗಿನ ತೇವ ಹೊರಗೆ ಬರಲಿಕ್ಕಾಗದೆ ಪೊರೆ ಪೊರೆ ಏಳ್ತದೆ. ಪುಣ್ಯಕ್ಕೆ ಅಷ್ಟೊತ್ತಿಗೆ ಒಬ್ಬ ಇಂಜಿನಿಯರ್ ಹತ್ತಿರ ಕೇಳಿದ್ದೆ.

ನಾಲ್ಕನೇ ಸಲ ಫೋನ್ ತೆಗೆಯಲಿಲ್ಲ.

ಅದೇ ಇಂಜಿನಿಯರ್ ನನ್ನ ವೀಡಿಯೊ ದೊಡ್ಡದು ಮಾಡಿ ಪಿಚಕಾರಿಯ ತುದಿಯ ನಾಜಲ್ ತೋರಿಸಿದರು. ಕೆಂಪು. ಕೆಂಪು ನಾಜಲ್ ಅಂದರೆ ಸೊನ್ನೆ ಡಿಗ್ರಿ, ನೀರು ಸೂಜಿಯ ಹಾಗೆ ಒಂದೇ ಕಡೆ ಹೊಡೀತದೆ. ಬಿಳಿ ನಾಜಲ್ 40 ಡಿಗ್ರಿ, ಅಗಲಕ್ಕೆ ಹರಡ್ತದೆ. ಟ್ಯಾಂಕಿ 10 ಮೀಟರ್ ಎತ್ತರದಲ್ಲಿದ್ದರೆ ನಳ್ಳಿಯಲ್ಲಿ ಬರುವ ಒತ್ತಡ 1 ಬಾರ್. ಇವರು 200 ಅಂತ ಹೆಮ್ಮೆಯಲ್ಲಿ ಹೇಳಿದ್ದು!

ಈ ಮಳೆಗಾಲ ಜುಲೈಯಲ್ಲಿ ಚಾವಡಿಯ ಒಳಗೋಡೆ ಒದ್ದೆ. ಆಗಸ್ಟ್ ಬರುವಾಗ ಹೊರಗೆ ಪಾಚಿ ಮೊದಲಿಗಿಂತ ದಪ್ಪ, ತೂತುಗಳಲ್ಲಿ ನೀರು ನಿಲ್ಲುವುದಲ್ವಾ, ಅದಕ್ಕೆ ಒಳ್ಳೆ ಮನೆ ಸಿಕ್ಕಿದ ಹಾಗಾಯಿತು. 25,000 ಕೊಟ್ಟು ಪಾಚಿಗೆ ತೊಟ್ಟಿ ಕಟ್ಟಿಸಿದೆ.

ಹಿಂಬದಿಯ ಗೋಡೆಗೆ ದುಡ್ಡು ಸಾಲದೆ ಮಾಡಿಸಿರಲಿಲ್ಲ. ಅದನ್ನು ಮೊನ್ನೆ ನಾವೇ ತೊಳೆದೆವು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನೇ ಬಾಲ್ದಿಯಲ್ಲಿ ಕರಗಿಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ನೀರು ಮಾತ್ರ. ಗೋಡೆಗೆ ಹಾಕಿ ಕಾಲು ಗಂಟೆ, ಮೆತ್ತನೆಯ ಬ್ರಶ್, ಆಮೇಲೆ ತೋಟದ ಪೈಪಿನ ನೀರು. ಗಿಡಗಳಿಗೆ ಮೊದಲೇ ಒಳ್ಳೆ ನೀರು ಕೊಡಿ, ಕೈಗೆ ಗ್ಲೌಸ್ ಹಾಕಿ. ಅದರ ಜೊತೆ ಆಸಿಡ್ ಮಾತ್ರ ಬೇಡವೇ ಬೇಡ, ಕ್ಲೋರಿನ್ ಗ್ಯಾಸ್ ಬರ್ತದೆ, ಜೀವಕ್ಕೇ ಅಪಾಯ. ಹಿಂಬದಿಯ ಕಲ್ಲು ಈಗಲೂ ನಯವಾಗಿಯೇ ಉಂಟು. ಅಜ್ಜಿಯ ಕಾಲದ್ದಂತೆ!

ಮೆಶಿನ್ ಬೇಕೇ ಬೇಕು ಅಂತಿದ್ದರೆ ಅಂಗಳದ ಇಂಟರ್‌ಲಾಕಿಗೆ ಹೊಡೆಸಿಕೊಳ್ಳಿ. ಗೋಡೆಗಾದರೆ ಮೂಲೆಯಲ್ಲಿ ಒಂದು ಕಲ್ಲಿಗೆ ಮಾತ್ರ ಹೊಡೆಸಿ, ಕೆಳಗೆ ಬರುವ ನೀರಿನ ಬಣ್ಣ ನೋಡಿ. ಕೆಂಪು ಬಂದರೆ ಗೇಟು ತೋರಿಸಿ. ಅಡ್ವಾನ್ಸ್ ಕೊಡುವ ಮೊದಲು.

ನನ್ನ ಸ್ಟೇಟಸ್ ನೋಡಿ ಇಬ್ಬರು ನಂಬರ್ ಕೇಳಿದ್ದರು. ನಾನೇ ಕೊಟ್ಟಿದ್ದೆ. ಒಬ್ಬರು ಮಾಡಿಸಿ ಆಗಿದೆ, ಈಗ ನನ್ನ ಹತ್ತಿರ ಮಾತಿಲ್ಲ. ಇನ್ನೊಬ್ಬರು ಸಂಬಂಧದಲ್ಲಿ ನನಗೆ ಅತ್ತಿಗೆ, ಈ ದೀಪಾವಳಿಗೆ ಮಾಡಿಸ್ತಾರಂತೆ. ಎರಡು ದಿನದಿಂದ ಫೋನ್ ತೆಗೀತಾ ಇಲ್ಲ. ಅತ್ತಿಗೆ, ಇದನ್ನು ಓದಿದರೆ ಫೋನ್ ಮಾಡಿ.