ಕ್ಯಾರಿಯರ್ ಇರುವ ಸೈಕಲ್ಲಿಗೆ ಈ ಸೇಫ್ಟಿ ಸೆಟ್ ಆಗುತ್ತದೆಯೇ? ಎರಡು ಮಳೆಗಾಲ ಬಳಸಿದ ಮೇಲೆ

ಹೆಲ್ಮೆಟ್, ಮುಂದಿನ ದೀಪ, ಹಿಂದಿನ ಕೆಂಪು ದೀಪ ಮೂರೂ ಸೇರಿ 1,450 ರೂಪಾಯಿ. ನಾನು ಮೈಸೂರಿನಲ್ಲಿ ಪತ್ರಿಕೆ ಹಂಚುವವನು. ಪುರವಣಿ ಸೇರಿಸಿ, ಬಂಡಲ್ ಕಟ್ಟಿ ಹೊರಡುವಾಗ ಇನ್ನೂ ಕತ್ತಲೆ. ಧನುರ್ಮಾಸದಲ್ಲಿ ಮಂಜು ಬೇರೆ. ನನ್ನ ಲೈನ್ ವರ್ತುಲ ರಸ್ತೆಯನ್ನು ದಾಟುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಲಾರಿಗಳು ಓಡುವ ವೇಗ ಕಂಡವರು ಈ ಖರ್ಚು ಏಕೆ ಎಂದು ಕೇಳುವುದಿಲ್ಲ.

ಹೆಲ್ಮೆಟ್ ನನಗೆ ಒಗ್ಗಿಹೋಗಿದೆ. ಹಿಂಬದಿಯಲ್ಲಿ ತಿರುಗಿಸುವ ಗುಂಡಿ ಇದೆ. ಬೆಳಿಗ್ಗೆ ಎರಡು ಸಲ ಟಿಕ್ ಟಿಕ್ ಎಂದರೆ ತಲೆಗೆ ಸರಿಯಾಗಿ ಕೂರುತ್ತದೆ. ಒಳಗಿನ ಸ್ಪಂಜುಗಳು ಕಿತ್ತು ಬರುತ್ತವೆ. ಲೈನ್ ಮುಗಿಸಿ, ತಿಂಡಿ ತಿಂದು, ಅವನ್ನು ಸೋಪಿನ ನೀರಿನಲ್ಲಿ ಹಿಂಡಿ ಬಟ್ಟೆ ತಂತಿಗೆ ಕ್ಲಿಪ್ ಹಾಕಿಬಿಟ್ಟರೆ ಸಂಜೆಗೆ ಒಣಗಿರುತ್ತವೆ. ತಿಂಗಳ ಮೊದಲ ವಾರ ಬಿಲ್ ವಸೂಲಿಗೆ ಹೋದಾಗ ಹೆಲ್ಮೆಟ್ಟನ್ನು ಅಂಗಾತ ಹ್ಯಾಂಡಲ್ಲಿಗೆ ಸಿಕ್ಕಿಸಿ, ರಸೀದಿ ಪುಸ್ತಕವನ್ನೂ ಚಿಲ್ಲರೆಯನ್ನೂ ಅದರಲ್ಲೇ ಇಡುತ್ತೇನೆ. ಒಳಗೆ ಇಎನ್ 1078 ಗುರುತಿದೆ, ಅದು ಸೈಕಲ್ ಹೆಲ್ಮೆಟ್ಟಿಗೆ ಯುರೋಪಿನ ಗುಣಮಟ್ಟ. ಬೈಕ್ ಹೆಲ್ಮೆಟ್ಟಿನ ಭಾರತೀಯ ಗುಣಮಟ್ಟ ಐಎಸ್ 4151 ಬೇರೆ, ಅದನ್ನು ಇಲ್ಲಿ ಹುಡುಕಬೇಡಿ. ಒಂದು ಎಚ್ಚರಿಕೆ: ಥರ್ಮಾಕೋಲಿನಂಥ ಒಳಪದರ ಒಮ್ಮೆ ಜೋರು ಪೆಟ್ಟು ತಿಂದರೆ ಮುಗಿಯಿತು, ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು. ಆದ್ದರಿಂದ ಯಾರಾದರೂ ಹಳೆಯದನ್ನು ದಾನ ಕೊಟ್ಟರೂ ನನ್ನ ಬಳಿ ಪತ್ರಿಕೆ ಹಾಕುವ ಹುಡುಗರಿಗೆ ಹಾಕಿಸುವುದಿಲ್ಲ.

ಇನ್ನು ಹಿಂದಿನ ದೀಪ. ಇದನ್ನು ಸೀಟಿನ ಕೆಳಗಿನ ಪೈಪಿಗೆ ಬಿಗಿಯಬೇಕಂತೆ. ಬಿಗಿದೆ. ಕ್ಯಾರಿಯರ್ ಮೇಲೆ ಬಂಡಲ್ ಇಟ್ಟೆ. ದೀಪ ಉರಿಯುತ್ತಿದೆ, ಆದರೆ ಅದರ ಬೆಳಕು ಬೀಳುವುದು ಪತ್ರಿಕೆಯ ಬೆನ್ನಿಗೆ! ಹಿಂದಿನಿಂದ ಬರುವ ಲಾರಿಯವನಿಗೆ ಏನೂ ಕಾಣುವುದಿಲ್ಲ. ನಮ್ಮ ಊರುಗಳಲ್ಲಿ ಕತ್ತಲಲ್ಲಿ ಸೈಕಲ್ ತುಳಿಯುವವರು ಯಾರು? ಹಾಲಿನ ಕ್ಯಾನಿನವರು, ಹೂವಿನವರು, ಸೊಪ್ಪಿನವರು, ರಾತ್ರಿ ಪಾಳಿಯ ಕಾವಲುಗಾರರು. ಇವರಲ್ಲಿ ಬಹುತೇಕರ ಕ್ಯಾರಿಯರ್ ಖಾಲಿ ಇರುವುದಿಲ್ಲ. ದೀಪ ಮಾಡಿದವರ ಕಣ್ಣಮುಂದೆ ಇದ್ದದ್ದು ಭಾನುವಾರ ಚಾಮುಂಡಿ ಬೆಟ್ಟ ಹತ್ತುವ ಗೇರ್ ಸೈಕಲ್ ಮಾತ್ರ. ಮಾರಿದವರಿಗೆ ಬರೆದರೆ ಬಂದ ಉತ್ತರ: ‘ಕ್ಯಾರಿಯರ್ ತೆಗೆದು ಬಳಸಿ.’ ಪತ್ರಿಕೆಗಳನ್ನು ತಲೆಯ ಮೇಲೆ ಹೊರಬೇಕೇನೋ.

ಹಳೆಯ ಟ್ಯೂಬಿನ ಪಟ್ಟಿ ಕತ್ತರಿಸಿ, ದೀಪವನ್ನು ಹಿಂದಿನ ಮಡ್‌ಗಾರ್ಡಿನ ಕಡ್ಡಿಗೆ ಕಟ್ಟಿದೆ. ಆಮೇಲೆ ಕಾಣಿಸಿತು. ಆದರೆ ಅಲ್ಲಿ ಚಕ್ರದ ಕೆಸರು ಎರಚುತ್ತದೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಮೊದಲ ಮಳೆಗಾಲದಲ್ಲೇ ಸಡಿಲಾಯಿತು, ಎರಡನೆಯದರಲ್ಲಿ ದೀಪ ಸತ್ತಿತು. ಮುಂದಿನ ದೀಪದ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಉರಿಯುತ್ತದೆ.

ಈಗ ನನ್ನ ಬೆನ್ನು ಕಾಯುತ್ತಿರುವುದು ಸೆಟ್ಟಿನಲ್ಲಿ ಇಲ್ಲದ ವಸ್ತು. ಲಾರಿ ಬಿಡಿಭಾಗದ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಹೊಳೆಯುವ ಟೇಪ್. ಎಐಎಸ್ 090 ಎಂದು ಮುದ್ರಿಸಿರುವುದನ್ನೇ ಕೇಳಿ ತೆಗೆದುಕೊಳ್ಳಿ, ಅದು ವಾಹನಗಳ ಇಂಥ ಟೇಪಿಗೆ ನಮ್ಮ ದೇಶದ ಗುಣಮಟ್ಟ. ಬರೀ ಮಿರುಗುವ ಅಲಂಕಾರದ ಟೇಪೂ ಅದೇ ಗೋಡೆಯಲ್ಲಿ ನೇತಾಡುತ್ತಿರುತ್ತದೆ. ಅಸಲಿ ಟೇಪ್ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ, ಹಾಗಾಗಿ ಹೆಡ್‌ಲೈಟ್ ಹಿಂದೆ ಕೂತ ಚಾಲಕನ ಕಣ್ಣಿಗೇ ಹೊಡೆಯುತ್ತದೆ. ಹಿಂದಕ್ಕೆ ಕೆಂಪು, ಬದಿಗೆ ಹಳದಿ. ಮಡ್‌ಗಾರ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿದೆ. ಬಂಡಲ್ ಮುಚ್ಚುವ ಪ್ಲಾಸ್ಟಿಕ್ ಹಾಳೆಗೂ ಒಂದು ತುಂಡು. ಚಾರ್ಜ್ ಬೇಡ, ಕಳ್ಳರ ಭಯವಿಲ್ಲ. ಮಂಜಿನಲ್ಲಿ, ಇಲ್ಲವೇ ಎದುರು ಬರುವ ಬೆಳಕು ಚಾಲಕನ ಕಣ್ಣಿಗೆ ಹೊಡೆದಾಗ ಇದರ ಶಕ್ತಿ ಕುಗ್ಗುತ್ತದೆ, ಆದ್ದರಿಂದ ದೀಪ ಬೇಡವೆಂದು ಹೇಳಲಾರೆ.

ನನ್ನ ಹುಡುಗರಲ್ಲಿ ಒಬ್ಬ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನೇ ಇನ್ನೂ ತುಳಿಯುತ್ತಾನೆ. 2006-07ರಲ್ಲಿ ಆರಂಭವಾದ ಆ ಯೋಜನೆಯ ಸೈಕಲ್ಲುಗಳ ಜೊತೆ ಒಂದು ಹೆಲ್ಮೆಟ್ಟನ್ನೂ ಕೊಟ್ಟಿದ್ದರೆ ಎಂದು ಅವನನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ. 1,450 ರೂಪಾಯಿ ಅವನ ಕೈಗೆ ಒಟ್ಟಿಗೆ ಸಿಗುವ ಹಣವಲ್ಲ. ಅವನ ಸೈಕಲ್ಲಿಗೆ ಟೇಪ್ ನಾನೇ ಅಂಟಿಸಿದ್ದೇನೆ. ಹೆಲ್ಮೆಟ್ಟಿಗೆ ತಿಂಗಳಿಗೆ ನೂರರಂತೆ ಅವನ ಸಂಬಳದಿಂದ ಹಿಡಿಯುತ್ತಿದ್ದೇನೆ, ಅರ್ಧ ನನ್ನದು.

ಸೆಟ್ಟಿಗೆ ಐದರಲ್ಲಿ ಎರಡೂವರೆ, ಅದೂ ಹೆಲ್ಮೆಟ್ಟಿಗಾಗಿ. ಹೆಲ್ಮೆಟ್ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಳ್ಳಿ. ಹಿಂದಿನ ದೀಪಕ್ಕೆ ಕ್ಯಾರಿಯರ್ ತುದಿಗೆ ತಿರುಪು ಹಾಕುವಂಥ ಎರಡು ತೂತಿನ ತಗಡು ಕೊಟ್ಟ ದಿನ ಮತ್ತೆ ನೋಡೋಣ.