ಕಾಗದದ ದೋಣಿಗೆ ಫೋಟೊ ಬೇಕಾ, ಗೆರೆ ಚಿತ್ರ ಸಾಕಾ?

ಮಕ್ಕಳಿಗೆ ಕಾಗದದ ಕರಕುಶಲ ಹೇಳಿಕೊಡುವ ಪುಸ್ತಕ ಮಾಡ್ತೀನಿ ಅಂದರೆ, ಯಾವ ಯಾವ ಮಾದರಿ ಹಾಕ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಅದು ದೊಡ್ಡ ವಿಷಯ ಅಲ್ಲ. ದೋಣಿ, ಟೋಪಿ, ಗಿರಗಿಟ್ಲೆ ಯಾರಿಗೆ ಗೊತ್ತಿಲ್ಲ? ತಲೆನೋವು ಇರುವುದು ಹಂತಗಳನ್ನು ತೋರಿಸುವುದರಲ್ಲಿ. ನಮ್ಮ ಬೇಸಿಗೆ ಶಿಬಿರಕ್ಕೆ ಪುಸ್ತಕ ಮಾಡುವಾಗ ಒಂದೇ ದೋಣಿಯನ್ನು ಮೂರು ಥರ ಸಿದ್ಧಮಾಡಿ ಏಳೆಂಟು ವರ್ಷದ ಮಕ್ಕಳ ಕೈಗೆ ಕೊಟ್ಟು ನೋಡಿದೆ. ಒಂದು ಫೋಟೊಗಳದ್ದು, ಇನ್ನೊಂದು ಗೆರೆ ಚಿತ್ರದ್ದು, ಮತ್ತೊಂದು ನಿಜವಾದ ಕಾಗದವನ್ನೇ ಹಂತ ಹಂತವಾಗಿ ಮಡಚಿ ಅಂಟಿಸಿದ್ದು.

ದೋಣಿಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಅರ್ಧಕ್ಕೆ ಮಡಚುವುದು, ಎರಡು ಮೂಲೆಗಳನ್ನು ನಡುಗೆರೆಗೆ ತರುವುದು, ಕೆಳಗೆ ಉಳಿದ ಪಟ್ಟಿಗಳನ್ನು ಎರಡೂ ಕಡೆ ಮೇಲಕ್ಕೆತ್ತುವುದು. ಇಲ್ಲಿವರೆಗೆ ಯಾವ ಪುಸ್ತಕ ಕೊಟ್ಟರೂ ನಡೆಯುತ್ತದೆ, ಟೋಪಿ ತಯಾರು. ಆಮೇಲೆ ಟೋಪಿಯ ಬಾಯಿಗೆ ಹೆಬ್ಬೆರಳು ಹಾಕಿ ಅಗಲಿಸಬೇಕು. ಎಡ ತುದಿ, ಬಲ ತುದಿ ಒಂದರ ಮೇಲೊಂದು ಕೂರುವ ಹಾಗೆ ಚಪ್ಪಟೆ ಮಾಡಿದರೆ ಚೌಕ ಬರುತ್ತದೆ. ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಚಪ್ಪಟೆಯಾಗಿದ್ದ ಕಾಗದ ಉಬ್ಬಿ, ಇನ್ನೊಂದು ದಿಕ್ಕಿಗೆ ಚಪ್ಪಟೆಯಾಗುತ್ತದೆ. ಅದನ್ನು ಕಾಗದದ ಮೇಲೆ ತೋರಿಸುವುದು ಹೇಗೆ?

ಫೋಟೊ ತೆಗೆಯುವುದು ಸುಲಭ, ಅದಕ್ಕೇ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ನೋಡೋಕೂ ಚೆಂದ. ಆದರೆ ಬಿಳಿ ಕಾಗದ ತಿಳಿ ಬಣ್ಣದ ಮೇಜಿನ ಮೇಲೆ ಕರಗಿಹೋಗುತ್ತದೆ, ಮಡಿಕೆಯ ಗೆರೆ ಕಾಣುವುದೇ ಇಲ್ಲ. ಒಂದು ಬದಿಗೆ ಮಾತ್ರ ಬಣ್ಣ ಇರುವ ಕಾಗದ, ಗಾಢ ಬಣ್ಣದ ಬಟ್ಟೆ, ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕು ಇದ್ದರೆ ಪರವಾಗಿಲ್ಲ. ಕ್ಯಾಮೆರಾ ಎಲ್ಲಿ ಇಡುತ್ತೀರಿ ಅನ್ನುವುದು ಇನ್ನೂ ಮುಖ್ಯ. ಎದುರು ನಿಂತು ತೆಗೆದರೆ ಮಗುವಿಗೆ ಎಡ ಬಲ ಅದಲುಬದಲು. ಮಡಚುವವರ ಭುಜದ ಹಿಂದಿನಿಂದ ತೆಗೆಯಬೇಕು. ಇಷ್ಟೆಲ್ಲಾ ಮಾಡಿದರೂ ಆ ಕಷ್ಟದ ಹಂತದಲ್ಲಿ ಕಾಣುವುದು ಎರಡು ಕೈಗಳು ಮಾತ್ರ. ಕಾಗದ ಬೆರಳುಗಳ ಹಿಂದೆ ಅಡಗಿರುತ್ತದೆ. ಖರ್ಚು ಬೇರೆ. ಬಣ್ಣದ ಪ್ರತಿ ದುಬಾರಿ, ಕಪ್ಪು ಬಿಳುಪಲ್ಲಿ ಜೆರಾಕ್ಸ್ ಮಾಡಿಸಿದರೆ ನೆರಳು, ಬೆರಳು, ಬಟ್ಟೆ ಎಲ್ಲಾ ಒಂದೇ ಮಸಿ.

ಗೆರೆ ಚಿತ್ರಕ್ಕೆ ದೊಡ್ಡ ಪರಂಪರೆಯೇ ಇದೆ. ಈಗ ಜಗತ್ತಿನಾದ್ಯಂತ ಒರಿಗಾಮಿ (ಕಾಗದ ಮಡಚುವ ಜಪಾನಿ ಕಲೆ) ಪುಸ್ತಕಗಳಲ್ಲಿ ಕಾಣುವ ತುಂಡುಗೆರೆ ಮತ್ತು ಬಾಣದ ಗುರುತುಗಳನ್ನು 1950ರ ದಶಕದಲ್ಲಿ ಬಳಕೆಗೆ ತಂದವರು ಜಪಾನಿನ ಅಕಿರಾ ಯೋಶಿಜಾವಾ. ಮುಂದಿನ ದಶಕದ ಶುರುವಿನಲ್ಲಿ ಸ್ಯಾಮ್ಯುಯೆಲ್ ರ‍್ಯಾಂಡ್ಲೆಟ್, ರಾಬರ್ಟ್ ಹಾರ್ಬಿನ್ ಅದಕ್ಕೆ ಇನ್ನಷ್ಟು ಸೇರಿಸಿದರು. ಒಳಗೆ ಮಡಚುವುದಕ್ಕೆ ಬರೀ ತುಂಡುಗೆರೆ, ಹಿಂದಕ್ಕೆ ಮಡಚುವುದಕ್ಕೆ ಗೆರೆ ಮತ್ತು ಚುಕ್ಕಿ. ದೊಡ್ಡವರಿಗೆ ಇದು ಸಾಕು. ಏಳು ವರ್ಷದ ಮಗುವಿಗೆ ಈ ಎರಡು ಗೆರೆಗಳ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಕಳಪೆ ಜೆರಾಕ್ಸ್‌ನಲ್ಲಿ ಚುಕ್ಕಿಗಳು ಹಾರಿಹೋಗುತ್ತವೆ. ಅದಕ್ಕೆ ಹಿಂದಕ್ಕೆ ಮಡಚುವುದನ್ನೇ ತೆಗೆದುಹಾಕಿದೆ. "ಕಾಗದ ತಿರುಗಿಸಿ" ಅಂತ ಒಂದು ಹಂತ, ಆಮೇಲೆ ಮಾಮೂಲಿ ಮಡಿಕೆ. ಪುಟ ಜಾಸ್ತಿಯಾಯಿತು, ಪ್ರಶ್ನೆಗಳು ಕಡಿಮೆಯಾದವು. ಕಾಗದದ ಒಂದು ಬದಿಗೆ ಬೂದು ಬಣ್ಣ ತುಂಬಿದರೆ ಯಾವ ಮೈ ಮೇಲಿದೆ ಅನ್ನುವುದು ಹೇಳದೆಯೇ ತಿಳಿಯುತ್ತದೆ.

ಇನ್ನು ಆ ಟೋಪಿಯ ಹಂತ. ಬರೀ ಬಾಣ ಹಾಕಿದ್ದ ಚಿತ್ರ ನೋಡಿ ಮಕ್ಕಳು ಟೋಪಿಯನ್ನು ಹರಿದರು. ಟೋಪಿಯ ಎಡ ತುದಿಗೆ ಅ, ಬಲ ತುದಿಗೆ ಆ ಅಂತ ಬರೆದು, ಎರಡು ಹೆಬ್ಬೆರಳು ಒಳಗೆ ಹೋಗಿರುವ ಚಿತ್ರ ಹಾಕಿ, "ಅ ಮತ್ತು ಆ ಸೇರಲಿ" ಅಂತ ಬರೆದ ಮೇಲೆ ಎಷ್ಟೋ ಮಕ್ಕಳು ಒಂದೇ ಸಲಕ್ಕೆ ಮಾಡಿದರು. ಒಬ್ಬಳು ಪೆನ್ಸಿಲ್ ತೆಗೆದು ತನ್ನ ಕಾಗದದ ಮೇಲೂ ಅ, ಆ ಬರೆದುಕೊಂಡಳು. ಚೌಕ ಮಾಡಿದಳು, ಮುಂದೆ ಅ. ತಿರುಗಿಸಿ ನೋಡಿದಳು, ಹಿಂದೆ ಆ. ಸರಿಯಾಯಿತಾ ಅಂತ ನನ್ನನ್ನು ಕೇಳಲೇ ಇಲ್ಲ. ಫೋಟೊದಲ್ಲಿ ಇದನ್ನು ಮಾಡಬಹುದಲ್ವಾ ಅಂದರೆ, ಮಾಡಬಹುದು, ಆದರೆ ಅಕ್ಷರದ ಮೇಲೆ ಬೆರಳು ಬರುತ್ತದೆ. ಚಿತ್ರದಲ್ಲಾದರೆ ಬೇಡದ ಬೆರಳುಗಳನ್ನು ಸುಮ್ನೆ ಬಿಟ್ಟುಬಿಡಬಹುದು.

ಗೆರೆ ಚಿತ್ರದಲ್ಲಿ ಒಂದು ತೊಡಕು ಇದೆ. ಪ್ರತಿ ಚಿತ್ರ ಏನು ಮಾಡಬೇಕು ಅಂತ ಹೇಳುತ್ತದೆ, ಮಾಡಿದ ಮೇಲೆ ಹೇಗಿರುತ್ತದೆ ಅನ್ನುವುದು ಮುಂದಿನ ಚಿತ್ರದಲ್ಲಿರುತ್ತದೆ. ಹಾಗಾಗಿ ಕಷ್ಟದ ಹಂತ ಪುಟದ ಕೊನೆಗೆ ಬರಲೇಬಾರದು. ಪುಟ ತಿರುಗಿಸಲು ಕೈ ಬಿಟ್ಟರೆ ಕಾಗದ ಬಿಚ್ಚಿಕೊಳ್ಳುತ್ತದೆ.

ಅಂಟಿಸಿದ ಪುಸ್ತಕ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ. ಪ್ರತಿ ಪುಟದಲ್ಲೂ ಒಂದು ನಿಜವಾದ ಕಾಗದ, ಒಂದೇ ಬದಿಗೆ ಗೋಂದು, ಉಳಿದದ್ದು ಬಿಚ್ಚಿ ಮಡಚಿ ನೋಡೋಕೆ. ಓದು ಬಾರದ ಮಗುವೂ ಟೋಪಿಯನ್ನು ಅಗಲಿಸಿ ನೋಡಿ ತನ್ನಷ್ಟಕ್ಕೆ ಕಲಿಯಿತು. ಆದರೆ ಮದುವೆ ಆಲ್ಬಮ್ ಥರ ಉಬ್ಬುತ್ತದೆ, ಮಧ್ಯಾಹ್ನದ ಹೊತ್ತಿಗೆ ಹಾಳೆ ಜೋತುಬೀಳುತ್ತದೆ, ಎರಡನೇ ಪ್ರತಿ ಬೇಕೆಂದರೆ ಮತ್ತೆ ಕೂತು ಮಡಚಬೇಕು. ಮೇಜಿಗೊಂದು ಇಡಲು ಸರಿ, ಮನೆಗೆ ಕಳಿಸಲು ಆಗಲ್ಲ. ಕ್ಯೂಆರ್ ಕೋಡ್ ಹಾಕಿ ವಿಡಿಯೊ ತೋರಿಸಿ ಅನ್ನುವವರೂ ಇದ್ದಾರೆ. ಮಗುವಿನ ಕೈಯಲ್ಲಿ ಫೋನ್ ಬಂದ ಮೇಲೆ ದೋಣಿ ಯಾರು ಮಡಚುತ್ತಾರೆ?

ಬರಹದ ಬಗ್ಗೆ ಎರಡೇ ಮಾತು. ಒಂದು ಚಿತ್ರಕ್ಕೆ ಒಂದೇ ಕೆಲಸ ಹೇಳಿ. "ಮಡಚಿ, ತಿರುಗಿಸಿ, ಮೇಲೆತ್ತಿ" ಅಂದರೆ ಮಕ್ಕಳು ಕೊನೆಯದನ್ನು ಮಾತ್ರ ಮಾಡುತ್ತಾರೆ. ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಈಗ ನಮ್ಮದು ಗೆರೆ ಚಿತ್ರದ ಪುಸ್ತಕ. ಎ4 ಹಾಳೆಗಳನ್ನು ಅರ್ಧಕ್ಕೆ ಮಡಚಿ ನಡುವೆ ಪಿನ್ ಹೊಡೆದದ್ದು, ಹಾಗಾಗಿ ಪುಟಗಳನ್ನು ನಾಲ್ಕರ ಲೆಕ್ಕದಲ್ಲೇ ಹೊಂದಿಸಬೇಕು. ಮುಗಿದ ದೋಣಿಯ ಫೋಟೊ ರಕ್ಷಾಪುಟದ ಮೇಲೆ ಮಾತ್ರ. ಅಂಟಿಸಿದ ಹಂತಗಳಲ್ಲಿ ಕಷ್ಟದ ಎರಡನ್ನು ಮಾತ್ರ ದಪ್ಪ ರಟ್ಟಿನ ಮೇಲೆ ಹಾಕಿ ಮೇಜಿಗೆ ಇಟ್ಟಿದ್ದೇನೆ. ಜೇಡಿಮಣ್ಣಿನ ಗಣಪನ ಪುಟಗಳಿಗೆ ಮಾತ್ರ ಫೋಟೊನೇ ಹಾಕಿದೆ. ಸೊಂಡಿಲು ಎಷ್ಟು ದಪ್ಪ ಇರಬೇಕು ಅಂತ ಗೆರೆಯಲ್ಲಿ ತೋರಿಸಲು ನನ್ನ ಕೈಲಿ ಆಗಲಿಲ್ಲ.