ಕುಕ್ಕರಹಳ್ಳಿ ಕೆರೆಯ ಹಕ್ಕಿ ನಡಿಗೆ: ಮಳೆಯ ಮರುದಿನಕ್ಕೆ 300 ರೂಪಾಯಿ

ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಏಪ್ರಿಲ್ ತಿಂಗಳ ಹಕ್ಕಿ ನಡಿಗೆಯೊಂದಕ್ಕೆ ತಲಾ 300 ರೂಪಾಯಿ ಕಟ್ಟಿದ್ದೆವು. ಶನಿವಾರ ಬೆಳಿಗ್ಗೆಗೆ ನಿಗದಿಯಾಗಿದ್ದ ಅದನ್ನು ಆಯೋಜಕರು ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಸಂದೇಶ ಕಳುಹಿಸಿ ಭಾನುವಾರಕ್ಕೆ ಮುಂದೂಡಿದರು. ಮಂಡ್ಯದಿಂದ ನಸುಕಿನಲ್ಲೇ ಹೊರಡಬೇಕಿದ್ದ ನಮಗೆ ಇದು ಕಿರಿಕಿರಿಯೆನಿಸಿತು. ಶನಿವಾರ ಸಂಜೆ ಅಶ್ವಿನಿ ಮಳೆ ಗುಡುಗಿನೊಡನೆ ಬರುವ ಮುನ್ಸೂಚನೆಯಿದ್ದು, ಮಳೆ ಹೊಯ್ದ ಮರುಬೆಳಿಗ್ಗೆಯೇ ಬೇಕೆಂದು ಅವರು ದಿನ ಬದಲಿಸಿದ್ದರೆಂಬುದು ಏರಿಯ ಮೇಲೆ ನಿಂತಾಗಲಷ್ಟೇ ತಿಳಿಯಿತು.

ಮಾರ್ಗದರ್ಶಕರ ವಿವರಣೆಯೇ ಈ ನಡಿಗೆಯ ಜೀವಾಳ. ಚಳಿಗಾಲವನ್ನು ನಮ್ಮಲ್ಲಿ ಕಳೆಯುವ ಹಸಿರು ಉಲಿಯಕ್ಕಿ ಮರಿ ಮಾಡಲು ಹಿಮಾಲಯಕ್ಕೂ ಅದರಾಚೆಯ ಉತ್ತರದ ಕಾಡುಗಳಿಗೂ ಮರಳುತ್ತದೆ. ಅದರ ತೂಕವಾದರೋ ಸುಮಾರು 8 ಗ್ರಾಂ. ಹೊರಡುವ ಋತು ಬಂದಿತೆಂದು ಹಗಲಿನ ಉದ್ದ ಸೂಚಿಸಿದರೂ, ಯಾವ ರಾತ್ರಿ ಹೊರಡಬೇಕೆಂಬುದು ಬಹುಮಟ್ಟಿಗೆ ಹವೆಯ ಮೇಲೆಯೇ ನಿಂತಿದೆ. ಇಂಥ ಪುಟ್ಟ ಹಾಡುಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರುತ್ತವೆ, ಏಕೆಂದರೆ ಆಗ ಗಾಳಿ ತಂಪಾಗಿಯೂ ಶಾಂತವಾಗಿಯೂ ಇರುತ್ತದೆ, ಡೇಗೆಯಂಥ ಬೇಟೆಹಕ್ಕಿಗಳ ಕಾಟವೂ ಕಡಿಮೆ. ಹಿಂದಿನಿಂದ ಬೀಸುವ ಗಾಳಿ ದೊರೆತರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಉಳಿಯುತ್ತದೆ. ಎದುರುಗಾಳಿಯೋ ಮಳೆಯೋ ಆದರೆ ಹಾರುತ್ತಿರುವವು ನೆಲಕ್ಕಿಳಿಯುತ್ತವೆ, ಹೊರಡಬೇಕಾದವು ಇದ್ದಲ್ಲೇ ಕಾಯುತ್ತವೆ.

ಭಾನುವಾರ ಏರಿಯ ಮರಗಳಲ್ಲಿ ಉಲಿಯಕ್ಕಿಗಳು ಬಿಡುವಿಲ್ಲದೆ ಎಲೆಗಳ ನಡುವೆ ಹುಳು ಹೆಕ್ಕುತ್ತಿದ್ದುದನ್ನು ಕಂಡೆವು. ಮಳೆಯೇ ಅವುಗಳನ್ನು ತಡೆದಿತ್ತೆಂದು ಮಾರ್ಗದರ್ಶಕರು ಖಚಿತವಾಗಿ ಹೇಳಿದರು. ನನಗೆ ಅಷ್ಟು ಖಚಿತವಿಲ್ಲ. ಮಳೆ ನಿಂತೊಡನೆ ರೆಕ್ಕೆಯುಳ್ಳ ಗೆದ್ದಲು ಹುಳುಗಳು ಗೂಡಿನಿಂದ ಮೇಲೇಳುತ್ತವೆ. ಅಂದು ಕಾಜಾಣಗಳೂ ಅವುಗಳಿಗೇ ಮುಗಿಬಿದ್ದಿದ್ದವು. ತಡೆದದ್ದು ಮಳೆಯೋ, ಮಳೆ ತಂದ ಊಟವೋ ಎಂಬುದನ್ನು ಒಂದು ಬೆಳಿಗ್ಗೆಯ ನೋಟದಿಂದ ಬೇರ್ಪಡಿಸಲಾಗದು. ನಾನು ಹೀಗೆಂದಾಗ ಅವರು ಸಿಟ್ಟಾಗದೆ, ಮಳೆಯಿಲ್ಲದ ದಿನಗಳಲ್ಲಿ ತಾವು ಎಣಿಸಿದ ಸಂಖ್ಯೆಗಳನ್ನು ಟಿಪ್ಪಣಿ ಪುಸ್ತಕದಿಂದ ಓದಿ ತೋರಿಸಿದರು. ಹಣ ಕೊಟ್ಟು ಹೋಗುವ ಸೇವೆಯಲ್ಲಿ ಇಷ್ಟು ಶ್ರದ್ಧೆಯನ್ನು ನಾನು ನಿರೀಕ್ಷಿಸಿರಲಿಲ್ಲ.

ಕೊರತೆಗಳೂ ಇವೆ. ಇಪ್ಪತ್ತೆರಡು ಜನರಿಗೆ ಎರಡೇ ದುರ್ಬೀನುಗಳಿದ್ದು, ಹಿಂದೆ ನಿಂತವರಿಗೆ ಎಲೆಗಳಷ್ಟೇ ಕಂಡವು. ಗುಂಪು ಹನ್ನೆರಡಕ್ಕೆ ಮೀರಬಾರದು. ದಿನ ಬದಲಾದುದರಿಂದ ಬರಲಾಗದವರಿಗೆ ಹಣ ಮರಳಿಸದಿರುವುದು ಸರಿಯಲ್ಲ. ಕೊನೆಯ ಅರ್ಧ ಗಂಟೆ ಕಾಫಿ ಮತ್ತು ಛಾಯಾಚಿತ್ರಗಳಲ್ಲಿ ಕಳೆಯಿತು.

ಹೋಗಬಯಸುವವರು ಶನಿವಾರ, ಭಾನುವಾರಗಳೆರಡನ್ನೂ ಬಿಡುವಾಗಿಟ್ಟುಕೊಂಡು, ಸ್ವಂತ ದುರ್ಬೀನು ಒಯ್ಯುವುದು ಲೇಸು. ಮೇ ತಿಂಗಳ ನಡಿಗೆಗೆ ಹೆಸರು ಕೊಡುವ ಮೊದಲು ಉಲಿಯಕ್ಕಿಗಳು ಇನ್ನೂ ಇವೆಯೇ ಎಂದು ಆಯೋಜಕರನ್ನೇ ಕೇಳಿ. ನಮ್ಮ ಗುಂಪಿನವರೊಬ್ಬರಿಗೆ ಅವರು ಬೇಡವೆಂದೇ ಹೇಳಿದರು.